ಎಲ್‌ಎಲ್‌ಎಲ್ ಸಾಕಾ, ಬಿಕೆಝಡ್ ಬೇಕಾ?

ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಪುಟ್ಟಿ ತಂತ್ರಾಂಶದ 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ ಪಿ-521 ಕೀ (521 ಬಿಟ್‌ನ ಡಿಜಿಟಲ್ ಸಹಿ ಕೀ) ಬಳಸಿ ಸಹಿ ಮಾಡಿದರೆ, ಪ್ರತಿ ಸಹಿಗೂ ಹೊಸದಾಗಿರಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ನಾನ್ಸ್, ಎಸ್‌ಎಚ್‌ಎ-512 ಎಂಬ ಹ್ಯಾಶ್ ಲೆಕ್ಕದಿಂದ ಬರುತ್ತಿತ್ತು. ಹ್ಯಾಶ್ 512 ಬಿಟ್, ಬೇಕಿದ್ದದ್ದು 521. ಮೇಲಿನ 9 ಬಿಟ್ ಯಾವತ್ತೂ ಸೊನ್ನೆ. 2024ರ ಏಪ್ರಿಲ್‌ನಲ್ಲಿ 0.81 ಬಂದ ಮೇಲೆ ಇದು ಸರಿಹೋಯಿತು. ಅದೇ ದೋಷವನ್ನು ಸೇಜ್‌ಮ್ಯಾತ್ ಎಂಬ ಗಣಿತದ ತಂತ್ರಾಂಶದಲ್ಲಿ ನಾನೇ ಹುಟ್ಟಿಸಿದ ಕೀಗಳ ಮೇಲೆ ಆಡಿಸಿ ನೋಡಿದೆ.

ಒಂದೊಂದು ಸಹಿಯೂ ಗುಟ್ಟಿನ ಕೀ ಬಗ್ಗೆ 9 ಬಿಟ್ ಸುಳಿವು ಕೊಡುತ್ತದೆ; 521ನ್ನು 9ರಿಂದ ಭಾಗಿಸಿದರೆ 58ರ ಹತ್ತಿರ. ಹಾಗಾಗಿ 60 ಸಹಿಗಳನ್ನು ಲ್ಯಾಟಿಸ್ (ವೆಕ್ಟರ್‌ಗಳ ಜಾಲರಿ) ಆಗಿ ಜೋಡಿಸಿ, ಅದರಲ್ಲಿ ಕೀ ಅಡಗಿರುವ ಗಿಡ್ಡ ವೆಕ್ಟರ್ ಹುಡುಕಲು 1982ರ ಎಲ್‌ಎಲ್‌ಎಲ್ ಕ್ರಮವಿಧಿ ಓಡಿಸಿದೆ. ಬೇಗನೇ ಮುಗಿಯಿತು, ಸಿಕ್ಕಿದ್ದು ಕಸ. 70 ಕೊಟ್ಟರೂ ಕಸವೇ! ತಪ್ಪು ನನ್ನದೇ. ನಾನ್ಸ್ ಸೊನ್ನೆಯಿಂದ 2ರ 512ನೇ ಘಾತದವರೆಗೆ ಒಂದೇ ಕಡೆ ಹರಡಿರುತ್ತದೆ. ಅದರಿಂದ 2ರ 511ನೇ ಘಾತ ಕಳೆದರೆ ಸೊನ್ನೆಯ ಎರಡೂ ಬದಿಗೆ ಹಂಚಿಹೋಗಿ, ಹುಡುಕುವ ವೆಕ್ಟರ್ ಅರ್ಧದಷ್ಟು ಗಿಡ್ಡವಾಗುತ್ತದೆ. ಬಿಟ್ಟಿಯಾಗಿ ಒಂದು ಬಿಟ್ ಸಿಕ್ಕ ಹಾಗೆ. ಆ ಒಂದು ಸಾಲು ಸೇರಿಸಿದ ಮೇಲೂ ಒಂದು ಕೀ ಕೈಕೊಟ್ಟಿತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ವೆಕ್ಟರ್ ಚಿಹ್ನೆ ತಿರುಗಿಸಿಕೊಂಡು ಬಂದಿತ್ತು. ಈಗ ಎರಡೂ ಚಿಹ್ನೆಗೆ ಕೀ ಲೆಕ್ಕಹಾಕಿ, ಸಾರ್ವಜನಿಕ ಕೀ ಜೊತೆ ತಾಳೆ ನೋಡುತ್ತೇನೆ.

ಇಷ್ಟಾದ ಮೇಲೆ 70 ಸಹಿಗೆ ಎಲ್‌ಎಲ್‌ಎಲ್ ಸಲೀಸಾಗಿ ಕೀ ಕೊಟ್ಟಿತು. 60ಕ್ಕೆ ಮಾತ್ರ ಸೋತಿತು. ಅದೇ 60ನ್ನು, ಎಲ್‌ಎಲ್‌ಎಲ್‌ಗಿಂತ ನಿಧಾನವಾದರೂ ಇನ್ನೂ ಗಿಡ್ಡ ವೆಕ್ಟರ್ ಹುಡುಕಬಲ್ಲ ಬಿಕೆಝಡ್‌ಗೆ, ಬ್ಲಾಕ್ ಗಾತ್ರ (ಒಂದು ಸಲಕ್ಕೆ ನೋಡುವ ವೆಕ್ಟರ್‌ಗಳ ಸಂಖ್ಯೆ) 30 ಇಟ್ಟು ಕೊಟ್ಟೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯಿತು, ಕೀ ಬಂತು. ಸಹಿಗಳು ಧಾರಾಳವಾಗಿದ್ದರೆ ನನ್ನ ಓಟು ಎಲ್‌ಎಲ್‌ಎಲ್‌ಗೆ. ಗಿಟ್ ಕಮಿಟ್‌ಗಳಿಗೆ (ಕೋಡ್ ಬದಲಾವಣೆಯ ದಾಖಲೆಗಳಿಗೆ) ಹಾಕಿದ ಸಹಿಗಳು ಸಾರ್ವಜನಿಕವಾಗಿಯೇ ಬಿದ್ದಿರುತ್ತವಲ್ಲ, ಅಲ್ಲಿ ಹತ್ತು ಹೆಚ್ಚು ಹೊಂದಿಸುವುದು ಕಷ್ಟವಲ್ಲ. ಎಣಿಸಿದಷ್ಟೇ ಸಿಕ್ಕಿದ್ದರೆ ಬಿಕೆಝಡ್‌ಗೆ ದಾರಿ ಬಿಡಬೇಕು.

ಪಿ-256 ಎಂಬ ಚಿಕ್ಕ ಕೀಯಲ್ಲಿ ನಾನ್ಸ್‌ನ ಬರೀ 3 ಬಿಟ್ ಸೋರಿದಾಗ ಆಟ ಬೇರೆ. ಬ್ಲಾಕ್ 30ರ ಬಿಕೆಝಡ್ ಎಷ್ಟು ಸಲ ಓಡಿಸಿದರೂ ಕೀ ಬರಲಿಲ್ಲ. ಜಿ6ಕೆ ಎಂಬ ಸೀವಿಂಗ್ (ವೆಕ್ಟರ್‌ಗಳನ್ನು ಸೋಸಿ ಗಿಡ್ಡದ್ದನ್ನು ಹಿಡಿಯುವ) ಸಲಕರಣೆ ಕೊನೆಗೆ ಹಿಡಿದುಕೊಟ್ಟಿತು, ಆದರೆ ಅದನ್ನು ಕಂಪೈಲ್ ಮಾಡುವುದರಲ್ಲೇ ನನ್ನ ಭಾನುವಾರ ಹೋಯಿತು. 1 ಬಿಟ್‌ಗೆ ಬ್ಲೈಕೆನ್‌ಬಾಕರ್ ವಿಧಾನವಿದೆ, ಲ್ಯಾಟಿಸ್ ಬದಲು ಫೂರಿಯೆ ಲೆಕ್ಕ. ಅದು ಕೇಳುವಷ್ಟು ಸಹಿಗಳನ್ನು ಹುಟ್ಟಿಸಲು ಕೂತರೆ ನನ್ನ ಲ್ಯಾಪ್‌ಟಾಪ್ ಫ್ಯಾನ್ ಉಳಿಯುವುದಿಲ್ಲ ಅಂತ ಬಿಟ್ಟೆ.