ಮಾತು ಕೇಳದ ಕೈಗಳಿಗೆ ಜಿಕಾಂಪ್ರಿ

ನನ್ನ ಮಗಳಿಗೆ ಐದು ವರ್ಷ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇದೆ. ಬುದ್ಧಿ ಬಹಳ ಚುರುಕು, ಕೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಮಕ್ಕಳ ಆ್ಯಪ್‌ಗಳಲ್ಲಿ ಅವಳಿಗೆ ಉತ್ತರ ಗೊತ್ತಿರುತ್ತದೆ, ಆದರೆ ಬೆರಳು ಹೋಗಿ ಪಕ್ಕದ ಚಿತ್ರದ ಮೇಲೆ ಬೀಳುತ್ತದೆ. ತಕ್ಷಣ 'ತಪ್ಪು' ಅಂತ ಸದ್ದು. ಗೊತ್ತಿದ್ದೂ ತಪ್ಪು ಅನ್ನಿಸಿಕೊಳ್ಳುವುದು ಎಷ್ಟು ನೋವು ಅಲ್ವಾ?

ಹಾಗಾಗಿ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಜಿಕಾಂಪ್ರಿ ಬಗ್ಗೆ ಹೇಳಲೇಬೇಕು. 2000ರಲ್ಲಿ ಬ್ರೂನೊ ಕುಡ್ವಾ ಅನ್ನುವವರು ಶುರು ಮಾಡಿದ ತಂತ್ರಾಂಶ ಇದು, ಈಗ ಮುಕ್ತ ತಂತ್ರಾಂಶ ಮಾಡುವ ಕೆಡಿಇ ಬಳಗದಲ್ಲಿದೆ. 2ರಿಂದ 10 ವರ್ಷದ ಮಕ್ಕಳಿಗೆ 180ಕ್ಕೂ ಜಾಸ್ತಿ ಆಟ-ಪಾಠಗಳಿವೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ನಡೆಯುತ್ತದೆ.

ಎಲ್ಲ ಮಕ್ಕಳಿಗೂ ಅಂತ ಮಾಡಿದ್ದಾದರೂ ನನಗೆ ಹಿಡಿಸಿದ್ದು ಇದು ಕೈಕೆಲಸವನ್ನು ಬಿಡಿಸಿ ಬಿಡಿಸಿ ಕಲಿಸುವ ರೀತಿ. ಅಳಿಸುವ ಆಟವನ್ನೇ ನೋಡಿ. ಪರದೆ ತುಂಬ ಚೌಕಗಳು, ಅಡಿಯಲ್ಲಿ ಒಂದು ಚಿತ್ರ. ಮೌಸ್ ಸುಮ್ನೆ ಆಡಿಸಿದರೆ ಸಾಕು, ಹಾದುಹೋದ ಕಡೆಯೆಲ್ಲ ಚೌಕ ಮಾಯ. ಮಗಳ ಮಣಿಕಟ್ಟು ಎಡಕ್ಕೆ ಸೆಳೆದರೆ ಎಡಗಡೆಯ ಸಾಲು ಹೋಗುತ್ತದೆ, ಅದೂ ಆಟವೇ. ಬಲಮೂಲೆಯಲ್ಲಿ ಒಂದೇ ಚೌಕ ಉಳಿದಾಗ ನೋಡಬೇಕು! ಇಡೀ ಭುಜ ಬಾಗಿಸಿ, ನಾಲಿಗೆ ಕಚ್ಚಿಕೊಂಡು ಅಲ್ಲಿಗೆ ಹೋಗುತ್ತಾಳೆ. ಗಡಿಯಾರ ಓಡುವುದಿಲ್ಲ, ಅವಸರವಿಲ್ಲ.

ಇದು ಬಂದ ಮೇಲೆ ಇನ್ನೊಂದು ಆಟದಲ್ಲಿ ಒಂದು ಕ್ಲಿಕ್, ಮತ್ತೊಂದರಲ್ಲಿ ಎರಡು ಕ್ಲಿಕ್. ನಾವಿನ್ನೂ ಒಂದು ಕ್ಲಿಕ್‌ನಲ್ಲೇ ಇದ್ದೇವೆ. ಪುಟ್ಟ ಮಕ್ಕಳ ಕೀಬೋರ್ಡ್ ಆಟವೂ ಚೆನ್ನಾಗಿದೆ. ಯಾವ ಅಕ್ಷರದ ಕೀ ಒತ್ತಿದರೂ ಆ ಅಕ್ಷರ ಪರದೆ ಮೇಲೆ ಬರುತ್ತದೆ.

ಮೇಲಿಂದ ಬೀಳುವ ಅಕ್ಷರಗಳನ್ನು ಬೇಗ ಟೈಪ್ ಮಾಡುವ ಆಟ ಅವಳಿಗೆ ಈಗ ಬೇಡ. ಬೇಕಾದವನ್ನು ಮಾತ್ರ ಮೆಚ್ಚಿನವುಗಳಲ್ಲಿ ಹಾಕಿಟ್ಟಿದ್ದೇನೆ. ಹಿನ್ನೆಲೆ ಸಂಗೀತ ಆಫ್ ಮಾಡಿದ್ದೇನೆ, ಸದ್ದಿಗೆ ಬೆಚ್ಚುವ ಮಕ್ಕಳಿಗೆ ಇದು ಮುಖ್ಯ. ಕಣ್ಣು ಕಾಣದ ಮಕ್ಕಳಿಗೆ ನಾನು ಇದನ್ನು ಹೇಳಲಾರೆ, ಬಹುಪಾಲು ಆಟಗಳು ಚಿತ್ರದ ಮೇಲೇ ನಿಂತಿವೆ.

ಮೌಸ್ ಹಿಡಿಯಲು ಆಗದಿದ್ದರೆ ಟ್ರ್ಯಾಕ್‌ಬಾಲ್ ಕೊಟ್ಟು ನೋಡಿ. ಅದು ಮೇಜಿನ ಮೇಲೆ ಜಾರುವುದಿಲ್ಲ, ಅದರಲ್ಲಿರುವ ಚೆಂಡನ್ನು ಅಂಗೈಯಿಂದಲೂ ಉರುಳಿಸಬಹುದು. ಯಾವ ಎತ್ತರದಲ್ಲಿ ಇಡಬೇಕು ಅಂತ ಮಗುವಿನ ಥೆರಪಿಸ್ಟ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.