'ಹೆಸರಿಲ್ಲದವಳು': ಬಸ್ಸಿನಲ್ಲಿ ಬರುವ ಒಂದು ಪುಸ್ತಕದ ಕಟ್ಟಿನ ವಿಮರ್ಶೆ

ಶಿವಮೊಗ್ಗದ ಬಾಡಿಗೆ ಗ್ರಂಥಾಲಯವೊಂದು ಈಚೆಗೆ ಹೊಸ ಸೇವೆಯೊಂದನ್ನು ಆರಂಭಿಸಿದೆ. ಓದುಗರು ಫೋನಿನಲ್ಲಿ ವಿಷಯವನ್ನು ತಿಳಿಸಿದರೆ ಸಾಕು. ಅದಕ್ಕೆ ಹೊಂದುವ ಐದಾರು ಪುಸ್ತಕಗಳನ್ನು ಗ್ರಂಥಾಲಯದವರೇ ಆರಿಸಿ, ಕಟ್ಟು ಕಟ್ಟಿ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಹೋಗುವ ಖಾಸಗಿ ಬಸ್ಸುಗಳಿಗೆ ಹಾಕುತ್ತಾರೆ. ಠೇವಣಿ 1,000 ರೂಪಾಯಿ, ತಿಂಗಳ ಬಾಡಿಗೆ 200 ರೂಪಾಯಿ, ಬಸ್ಸಿನವರಿಗೆ ಕೊಡಬೇಕಾದ ಪಾರ್ಸೆಲ್ ಹಣ ಬೇರೆ. ನಾನು ತರಿಸಿಕೊಂಡದ್ದು 'ಹೆಸರಿಲ್ಲದವಳು' ಎಂಬ ಕಟ್ಟನ್ನು. ಅಂದರೆ ಸಾಹಿತ್ಯದಲ್ಲಿ ಹೆಸರಿಲ್ಲದೆ ಬರುವ, ಅಥವಾ ಎಲ್ಲರಿಂದ ಬೇರ್ಪಟ್ಟು ಒಂಟಿಯಾಗಿ ಉಳಿಯುವ ಹೆಂಗಸರ ಕಥೆಗಳನ್ನು.

ಮಳೆಗಾಲದ ಮಲೆನಾಡಿಗೆ ಪುಸ್ತಕ ಕಳುಹಿಸುವುದು ಸುಲಭದ ಕೆಲಸವಲ್ಲ. ಗೊಬ್ಬರದ ಚೀಲದ ಒಳಗಿರುವ ದಪ್ಪ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಅದರಲ್ಲಿ ಪುಸ್ತಕಗಳನ್ನು ಸುತ್ತಿ, ಮೇಲೆ ಎರಡು ಸುತ್ತು ಸುತಳಿ ಬಿಗಿದಿದ್ದರಿಂದ ಒಂದು ಹನಿಯೂ ಒಳಗೆ ಇಳಿದಿರಲಿಲ್ಲ. ಕಟ್ಟುವುದರಲ್ಲಿ ತೋರಿದ ಈ ಶ್ರದ್ಧೆ ಪ್ರತಿಗಳ ವಿಷಯದಲ್ಲಿ ಕಾಣಲಿಲ್ಲ. 'ರೆಬೆಕಾ' ಕಾದಂಬರಿಯ ಬೆನ್ನು ಬಿಟ್ಟಿದ್ದು, ಕೊನೆಯ ಹಾಳೆಗಳಿಗೆ ಹಚ್ಚಿದ ಟೇಪು ಹಳದಿಯಾಗಿ ಕೆಲವು ಸಾಲುಗಳನ್ನು ನುಂಗಿಹಾಕಿದೆ. ಬಾಡಿಗೆ ಪಡೆಯುವವರು ಇಷ್ಟನ್ನಾದರೂ ನೋಡಿಕೊಳ್ಳಬೇಕಾಗಿತ್ತು.

ಈ ಸೇವೆಯ ನಿಜವಾದ ಬೆಲೆ ಇರುವುದು ಪ್ರತಿ ಪುಸ್ತಕದೊಳಗೆ ಇಟ್ಟಿರುವ ಕೈಬರಹದ ಚೀಟಿಯಲ್ಲಿ. ಕಥಾಸಾರವನ್ನಾಗಲಿ ಲೇಖಕರ ಪರಿಚಯವನ್ನಾಗಲಿ ಅದು ಕೊಡುವುದಿಲ್ಲ. 'ಇವಳನ್ನು ಯಾರು ಏನೆಂದು ಕರೆಯುತ್ತಾರೆ?' ಎಂಬ ಪ್ರಶ್ನೆಯೊಂದನ್ನು ಬರೆದು, ಕೆಳಗೆ ಖಾಲಿ ಗೆರೆಗಳನ್ನು ಎಳೆದಿದ್ದಾರೆ, ಅಷ್ಟೆ. ಡ್ಯಾಫ್ನೆ ಡು ಮಾರಿಯೆ 1938ರಲ್ಲಿ ಪ್ರಕಟಿಸಿದ 'ರೆಬೆಕಾ'ವನ್ನು ಹಿಂದೆ ಓದಿದ್ದವರೂ ಈ ಚೀಟಿ ಹಿಡಿದು ಓದಿದರೆ ಬೇರೆಯೇ ಪುಸ್ತಕವನ್ನು ಕಾಣುತ್ತಾರೆ. ಕಥೆ ಹೇಳುವ ಎರಡನೆಯ ಹೆಂಡತಿಗೆ ಕಾದಂಬರಿಯ ಉದ್ದಕ್ಕೂ ಹೆಸರಿಲ್ಲ. ಸತ್ತುಹೋದ ಮೊದಲ ಹೆಂಡತಿಯ ಹೆಸರೇ ಪುಸ್ತಕದ ಹೆಸರು. ಮದುವೆಯಾಗೆಂದು ಕೇಳುವ ಹೊತ್ತಿನಲ್ಲೂ ಗಂಡನಾಗಲಿರುವ ಮ್ಯಾಕ್ಸಿಮ್ ಡಿ ವಿಂಟರ್ ಅವಳನ್ನು ದಡ್ಡಿ ಎನ್ನುತ್ತಾನೆ, ಆಳುಕಾಳುಗಳು ಮೇಡಂ ಎನ್ನುತ್ತಾರೆ. ಆದರೆ ಹೆಸರು ಇಲ್ಲವೆಂದಲ್ಲ. ಅವಳಿಗೆ ಬಂದ ಲಕೋಟೆಯ ಮೇಲೆ ಹೆಸರನ್ನು ತಪ್ಪಿಲ್ಲದೆ ಬರೆದಿತ್ತೆಂದು ಅವಳೇ ಅಚ್ಚರಿಪಡುತ್ತಾಳೆ. ಲಕೋಟೆ ಕಂಡರೂ ಅದರ ಮೇಲಿನ ಅಕ್ಷರಗಳನ್ನು ಲೇಖಕಿ ನಮಗೆ ಓದಗೊಡುವುದಿಲ್ಲ. ಮ್ಯಾಂಡರ್ಲಿ ಬಂಗಲೆಯ ಬೆಳಗಿನ ಕೋಣೆಯಲ್ಲಿ ಫೋನು ಬಡಿದು, ಆಚೆಯವರು ಶ್ರೀಮತಿ ಡಿ ವಿಂಟರ್ ಅವರನ್ನು ಕೇಳಿದಾಗ, ಅವರು ತೀರಿಕೊಂಡು ವರ್ಷದ ಮೇಲಾಯಿತೆಂದು ಇವಳೇ ಉತ್ತರಿಸುತ್ತಾಳೆ. ಆ ಹೆಸರು ಈಗ ತನ್ನದೆಂಬುದು ಆಚೆಯ ದನಿ ಅದನ್ನು ಮತ್ತೊಮ್ಮೆ ಹೇಳಿದ ಮೇಲೆ ಹೊಳೆಯುತ್ತದೆ. ಚೀಟಿಯ ಖಾಲಿ ಗೆರೆಗಳಲ್ಲಿ ಇದನ್ನು ತುಂಬುತ್ತ ಹೋದಂತೆ ಆ ಹುಡುಗಿಯ ಅಂಜಿಕೆಯ ಮೂಲ ಎಲ್ಲಿದೆಯೆಂಬುದು ತಾನಾಗಿ ತಿಳಿಯುತ್ತದೆ.

ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದ ಯೆಲ್ಲೋ ವಾಲ್‌ಪೇಪರ್' ಎಂಬ ಸಣ್ಣ ಕಥೆಗೂ ಇದೇ ಚೀಟಿಯಿದೆ. ಬಾಣಂತನದ ನಂತರ ಮನಸ್ಸು ಕುಗ್ಗಿದ ಹೆಂಗಸೊಬ್ಬಳನ್ನು ವೈದ್ಯನಾದ ಗಂಡನೇ ವಿಶ್ರಾಂತಿಯ ಹೆಸರಿನಲ್ಲಿ ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಕಿಟಕಿಗೆ ಸರಳುಗಳಿವೆ, ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದೆ, ಬರೆಯಬಾರದೆಂಬ ಕಟ್ಟಪ್ಪಣೆಯಿದೆ. ಗೋಡೆಗೆ ಹಚ್ಚಿದ ಹಳದಿ ಕಾಗದದ ಚಿತ್ತಾರದ ಹಿಂದೆ ಇನ್ನೊಬ್ಬ ಹೆಂಗಸು ತೆವಳುತ್ತಿರುವಂತೆ ಅವಳಿಗೆ ಕಾಣತೊಡಗುತ್ತದೆ. ಗಂಡ ಅವಳನ್ನು ಪುಟ್ಟ ಮಗುವನ್ನು ಕರೆದಂತೆ ಕರೆಯುತ್ತಾನೆ. ಕಥೆ ಮುಗಿಯುವ ಹೊತ್ತಿಗೆ, ಅದುವರೆಗೆ ಎಲ್ಲಿಯೂ ಬಾರದ 'ಜೇನ್' ಎಂಬ ಹೆಸರು ಒಮ್ಮೆಲೇ ಬರುತ್ತದೆ. ಅದು ಅಚ್ಚಿನ ತಪ್ಪೋ, ನಿರೂಪಕಿಯ ಸ್ವಂತ ಹೆಸರೋ ಎಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಸ್ವಂತ ಹೆಸರೇ ಇರಬೇಕೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಆಗ ಅವಳು ತನ್ನ ಹೆಸರನ್ನೇ ಪರಕೀಯಳಂತೆ ದೂರುತ್ತಿರುವಂತಾಗುತ್ತದೆ. ಬೇಸರದ ಸಂಗತಿಯೆಂದರೆ ಈ ಪ್ರತಿಯ ಮುನ್ನುಡಿ ಕೊನೆಯ ಪುಟವನ್ನು ಮೊದಲೇ ಹೇಳಿಬಿಡುತ್ತದೆ. ತರಿಸಿಕೊಳ್ಳುವವರು ಮುನ್ನುಡಿಯನ್ನು ಕಡೆಗೆ ಓದುವುದು ಲೇಸು.

ಕನ್ನಡದ ಪುಸ್ತಕಗಳಲ್ಲಿ ಆಯ್ಕೆ ಇನ್ನೂ ಚೆನ್ನಾಗಿದೆ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಗಂಡ ದಿನವೂ ಮಧ್ಯಾಹ್ನ ಬಂದು ಉಂಡು, ಹೆಂಡತಿಯನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ಆ ಹುಡುಗಿಯ ಹೆಸರು ಮುಖ್ಯವಲ್ಲವೆಂದೇ ಕಥೆ ಆರಂಭವಾಗುತ್ತದೆ. ಒಬ್ಬಳೇ ಮಗಳೆಂದು ತಂದೆತಾಯಿ ಮುದ್ದಿಗೆ ಕರೆದದ್ದು ರಾಣಿ ಎಂದು. ಹೂವಿನ ಮರವಾಗುವ ಹುಡುಗಿಯ ಜನಪದ ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟಿರುವುದು ಜಾಣ್ಮೆಯ ಕೆಲಸ. ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲಿ ಆ ಹುಡುಗಿ ಬಡ ಮುದುಕಿಯ ಕಿರಿಮಗಳು, ಆಮೇಲೆ ರಾಜಕುಮಾರನ ಹೆಂಡತಿ, ಕಡೆಗೆ ನಾದಿನಿಯ ಆಟಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡು ಬಿದ್ದ ಒಂದು ಜೀವ ಮಾತ್ರ. ಕಾರ್ನಾಡರು 1992ರಲ್ಲಿ ಇದೇ ಕಥೆಯನ್ನು ಚಿತ್ರವಾಗಿಸಿದಾಗ ಅವಳಿಗೆ ಚೆಲುವಿ ಎಂಬ ಹೆಸರು ಸಿಕ್ಕಿತು.

ಕಟ್ಟಿನ ದೊಡ್ಡ ದೋಷ ಕಾಣುವುದು ನಮ್ಮದೇ ಸೀಮೆಯ ಪುಸ್ತಕಗಳಲ್ಲಿ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ', ಈ ಎರಡೂ 'ಹೆಸರಿಲ್ಲದವಳು' ಎಂಬ ತಲೆಬರಹದ ಕೆಳಗೆ ಬಂದಿವೆ. ಫಣಿಯಮ್ಮನಿಗೆ ಹೆಸರಿಲ್ಲವೆಂದು ಯಾರು ಹೇಳಿಯಾರು? ಮುಖಪುಟದ ಮೇಲೆಯೇ ಅವಳ ಹೆಸರಿದೆ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ವರ್ಷ ದಾಟಿ ಬದುಕಿದ ಅವಳನ್ನು ಊರೆಲ್ಲ ಹೆಸರು ಹಿಡಿದೇ ಬಲ್ಲದು, ಕಷ್ಟ ಬಂದಾಗ ಅವಳನ್ನೇ ಕರೆಯುತ್ತದೆ. ಆದರೂ ಅವಳ ಊಟ, ಮಡಿ, ಮೌನ ಎಲ್ಲವೂ ಬೇರೆ. 'ಘಟಶ್ರಾದ್ಧ'ದ ಯಮುನಕ್ಕನ ಸಂಗತಿ ಇದಕ್ಕಿಂತ ಘೋರವಾದುದು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಮನೆಯಿಂದ ಹೊರಗೆ ಹಾಕುತ್ತಾನೆ. ಇಲ್ಲಿ ಹೆಸರು ಇದ್ದೂ ಅವಳನ್ನು ಕಾಪಾಡಲಾರದು. ಆದ್ದರಿಂದ ಒಂಟಿತನ ಮತ್ತು ಅನಾಮಿಕತೆ ಎರಡನ್ನೂ ಒಂದೇ ಸುತಳಿಯಲ್ಲಿ ಕಟ್ಟಿದ್ದು ಸರಿಯಾಗಲಿಲ್ಲ. ಡು ಮಾರಿಯೆ ಹೆಸರನ್ನು ಮುಚ್ಚಿಟ್ಟದ್ದು ಕಥನದ ತಂತ್ರ. ಯಮುನಕ್ಕನಿಗೆ ಆದದ್ದು ಅಗ್ರಹಾರದ ಶಿಕ್ಷೆ. ಎರಡಕ್ಕೂ ಒಂದೇ ಚೀಟಿ ಇಟ್ಟರೆ ಓದುಗರು ದಾರಿ ತಪ್ಪುತ್ತಾರೆ. ಇದರ ಬದಲು ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಇಡಬಹುದಾಗಿತ್ತು. 1936ರ ಆ ಕಾದಂಬರಿಗೆ 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' ಎಂಬ ಹೆಸರಿತ್ತು. ಈಗ ನಮ್ಮೆಲ್ಲರ ಬಾಯಲ್ಲಿ ಉಳಿದಿರುವುದು ಊರು ಮತ್ತು ಪದವಿ. ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬಂದ ಸುಬ್ಬಮ್ಮ ಮುಖಪುಟದಿಂದ ಇಳಿದುಹೋಗಿದ್ದಾಳೆ. (ಮೇಲಿನಮನೆ ಅತ್ತೆ, ಆಚೆಮನೆ ದೊಡ್ಡಮ್ಮ ಎಂದು ಕರೆದೇ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿದ್ದೀತು?)

ಇನ್ನೊಂದು ಕೊರತೆ ಇದಕ್ಕಿಂತ ಮುಖ್ಯವಾದುದು. ಹೆಸರಿಲ್ಲದ ಹೆಂಗಸರನ್ನು ಹುಡುಕುವವರು ಮೊದಲು ತೆರೆಯಬೇಕಾದ ಪುಸ್ತಕ ವ್ಯಾಸಭಾರತದ ಆದಿಪರ್ವ. ಅದೇ ಇಲ್ಲಿ ಇಲ್ಲ. ಅರಗಿನ ಮನೆಗೆ ಬೆಂಕಿ ಬಿದ್ದ ರಾತ್ರಿ ಐವರು ಮಕ್ಕಳೊಡನೆ ಉಂಡು ಕುಡಿದು ಮಲಗಿದ್ದ ಬೇಡರ ಹೆಂಗಸೊಬ್ಬಳು ಸುಟ್ಟುಹೋಗುತ್ತಾಳೆ. ಆ ಆರು ಹೆಣಗಳನ್ನು ಕಂಡು ಊರಿನವರು ಕುಂತಿಯೂ ಪಾಂಡವರೂ ಸತ್ತರೆಂದು ನಂಬುತ್ತಾರೆ. ಅವಳ ದೇಹಕ್ಕೆ ಕುಂತಿಯ ಹೆಸರು ಸಿಕ್ಕಿತು, ಅವಳ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ. ವಿದುರನ ತಾಯಿಯ ಕಥೆಯೂ ಹಾಗೆಯೇ ಇದೆ. ಎರಡನೆಯ ಸಲ ವ್ಯಾಸರ ಬಳಿಗೆ ಹೋಗಲು ಅಂಜಿದ ಅಂಬಿಕೆ ತನ್ನ ಒಡವೆಗಳನ್ನೇ ತೊಡಿಸಿ ದಾಸಿಯನ್ನು ಕಳುಹಿಸುತ್ತಾಳೆ. ದಾಸಿ ಮುನಿಯನ್ನು ಮೆಚ್ಚಿಸಿ ದಾಸ್ಯದಿಂದ ಬಿಡುಗಡೆಯ ಮಾತನ್ನು ಪಡೆಯುತ್ತಾಳೆ, ಧರ್ಮವನ್ನು ಬಲ್ಲ ಮಗನನ್ನು ಹೆರುತ್ತಾಳೆ. ಆದರೂ ಕಾವ್ಯದಲ್ಲಿ ಅವಳು ದಾಸಿಯಾಗಿಯೇ ಉಳಿಯುತ್ತಾಳೆ. ಇಲ್ಲಿ ತಂತ್ರವೂ ಇಲ್ಲ, ಶಿಕ್ಷೆಯೂ ಇಲ್ಲ. ಹೆಸರು ಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೆ. ಈ ಮೂರನೆಯ ಬಗೆ ಸೇರದಿದ್ದರೆ ಕಟ್ಟು ಅಪೂರ್ಣವೆಂದೇ ಹೇಳಬೇಕು.

ಇದನ್ನು ಗ್ರಂಥಾಲಯದವರಿಗೆ ಫೋನಿನಲ್ಲಿ ತಿಳಿಸಿದಾಗ ಅವರು ವಾದಕ್ಕೆ ಇಳಿಯಲಿಲ್ಲ. 'ಬರ್ಕೊಂಡಿದೀನಿ ಮೇಡಂ, ಆದಿಪರ್ವ ಒಂದು ಸೇರಿಸ್ತೀನಿ' ಎಂದರು. ಸೇರಿಸಿದರೆ 200 ರೂಪಾಯಿಗೆ ಇದಕ್ಕಿಂತ ಒಳ್ಳೆಯ ತಿಂಗಳ ಓದು ನಮ್ಮ ಕಡೆ ಸಿಗಲಾರದು. ಈಗಿನ ಸ್ಥಿತಿಯಲ್ಲಿಯೂ ಚೀಟಿಗಳ ಸಲುವಾಗಿ ತರಿಸಿಕೊಳ್ಳಬಹುದು. ಟೇಪು ಹಚ್ಚಿದ 'ರೆಬೆಕಾ' ಬೇಡವೆಂದು ಮೊದಲೇ ಹೇಳಿಬಿಡಿ, ಕಟ್ಟು ಹತ್ತಿಸಿದ ಕೂಡಲೇ ಬಸ್ಸಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ತುಂಬಿದ ಚೀಟಿಗಳನ್ನು ಪುಸ್ತಕದಲ್ಲೇ ಬಿಟ್ಟು ಹಿಂದಿರುಗಿಸಬೇಡಿ. ಮುಂದಿನವರಿಗೆ ಖಾಲಿ ಗೆರೆಗಳೇ ಬೇಕು.