ಆಫೀಸಿನ ಸರ್ವರ್‌ನಲ್ಲೂ ಮನೆಯ ಡೆಸ್ಕ್‌ಟಾಪ್‌ನಲ್ಲೂ ಡೆಬಿಯನ್

ಡೆಬಿಯನ್ ಎಂಬುದು ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಮ್. ಅದು ಸರ್ವರ್‌ಗೆ ಸರಿ, ಡೆಸ್ಕ್‌ಟಾಪ್‌ಗೆ ಅದರ ಸಾಫ್ಟ್‌ವೇರ್ ತೀರಾ ಹಳತು ಎನ್ನುವವರೇ ಜಾಸ್ತಿ. 2021ರಲ್ಲಿ ಬಂದ 11ನೇ ಆವೃತ್ತಿಯಿಂದ ಆಫೀಸಿನ ಫೈಲ್ ಸರ್ವರ್‌ನಲ್ಲೂ ಮನೆಯ ಕಂಪ್ಯೂಟರ್‌ನಲ್ಲೂ ಇದನ್ನೇ ಬಳಸುತ್ತಿದ್ದೇನೆ. ನನಗೆ ಆ ಹಳತೇ ಅನುಕೂಲವಾಗಿದೆ.

ಎರಡಕ್ಕೂ ಇನ್‌ಸ್ಟಾಲರ್ ಒಂದೇ. ಕೊನೆಯ ಹಂತದಲ್ಲಿ ಒಂದು ಪಟ್ಟಿ ಬರುತ್ತದೆ. ಗ್ನೋಮ್, ಕೆಡಿಇಯಂಥ ಡೆಸ್ಕ್‌ಟಾಪ್ ಪರಿಸರಗಳಿರುವ ಅದೇ ಪಟ್ಟಿಯಲ್ಲಿ ವೆಬ್ ಸರ್ವರ್, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಕೂಡ ಇರುತ್ತವೆ. ಬೇಕಾದ್ದಕ್ಕೆ ಗುರುತು ಹಾಕಿದರಾಯಿತು.

ಹೊಸ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ. ನಡುವೆ ಹೆಚ್ಚಾಗಿ ಭದ್ರತೆಯ ಅಪ್‌ಡೇಟ್, ದೋಷ ಸರಿಪಡಿಸುವ ಅಪ್‌ಡೇಟ್ ಅಷ್ಟೇ. ಸರ್ವರ್ ನೋಡಿಕೊಳ್ಳುವವರು ಇದನ್ನು ಬಯಸುವುದು ಗೊತ್ತೇ ಇದೆ. ಆದರೆ ಮನೆಯಲ್ಲೂ ಇದೇ ಬೇಕಲ್ವಾ? ನಮ್ಮ ಅಪ್ಪ ನಿನ್ನೆ ಒತ್ತಿದ ಬಟನ್ ಇವತ್ತೂ ಅಲ್ಲೇ ಇರುತ್ತದೆ. ಬ್ರೌಸರ್ ಫೈರ್‌ಫಾಕ್ಸ್‌ನ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ, ಅದಕ್ಕೂ ಭದ್ರತೆಯ ಅಪ್‌ಡೇಟ್ ತಪ್ಪದೆ ಬರುತ್ತದೆ. ಯಾವುದಾದರೂ ಆ್ಯಪ್ ಹೊಸದೇ ಬೇಕೆಂದರೆ ಲಿನಕ್ಸ್‌ನಲ್ಲಿ ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಹಾಕುವ ಫ್ಲಾಟ್‌ಪ್ಯಾಕ್ ವ್ಯವಸ್ಥೆಯಿಂದ ಹಾಕಿಕೊಳ್ಳುತ್ತೇನೆ.

ಕನ್ನಡಕ್ಕೆ ಹೆಚ್ಚೇನೂ ಪರದಾಡಬೇಕಿಲ್ಲ. ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು.

ಮೊದಲು ವೈಫೈ ದೊಡ್ಡ ತಲೆನೋವಾಗಿತ್ತು. ಅದರ ಫರ್ಮ್‌ವೇರ್ (ಆ ಸಾಧನ ಕೆಲಸ ಮಾಡಲು ಬೇಕಾದ ತಂತ್ರಾಂಶ) ಮುಕ್ತ ತಂತ್ರಾಂಶವಲ್ಲ ಎಂದು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಮತ ಹಾಕಿ ಇದನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಜೊತೆಗೇ ಬರುತ್ತದೆ. ಡೆಸ್ಕ್‌ಟಾಪ್ ಬಳಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎಲ್ಲರಿಗೂ ಹೊಂದುವುದಿಲ್ಲ, ನಿಜ. ಟ್ಯಾಲಿ, ಫೋಟೋಶಾಪ್ ಎರಡೂ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ನಮ್ಮ ಡಿಜಿಟಲ್ ಸಹಿಯ ಟೋಕನ್ ಕೊಟ್ಟವರು ಲಿನಕ್ಸ್‌ಗೆ ಸರಿಯಾದ ಡ್ರೈವರ್ ಕೊಡಲೇ ಇಲ್ಲ. ಅದೊಂದಕ್ಕಾಗಿ ಆಫೀಸಿನಲ್ಲಿ ಒಂದು ವಿಂಡೋಸ್ ಯಂತ್ರ ಉಳಿದಿದೆ. ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಆದರೆ ಹೊಸ ಸಾಫ್ಟ್‌ವೇರ್ ಸಿಗುವ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಹಾಕಬೇಕಾಗಬಹುದು. ಹಳೆಯ 32 ಬಿಟ್ ಕಂಪ್ಯೂಟರ್‌ಗಳಿಗೆ 13ನೇ ಆವೃತ್ತಿಯ ಇನ್‌ಸ್ಟಾಲರ್ರೇ ಇಲ್ಲ.

ಎರಡೂ ಕಡೆ ಒಂದೇ ವ್ಯವಸ್ಥೆ ಇದ್ದರೆ ಏನು ಲಾಭ ಎಂಬುದು 2025ರ ಆಗಸ್ಟ್‌ನಲ್ಲಿ 13 ಬಂದಾಗ ಚೆನ್ನಾಗಿ ಗೊತ್ತಾಯಿತು. ಮೊದಲು ಮನೆಯ ಯಂತ್ರವನ್ನು ಅಪ್‌ಗ್ರೇಡ್ ಮಾಡಿದೆ. ಯಾವ ಹಂತದಲ್ಲಿ ಏನು ಪ್ರಶ್ನೆ ಬರುತ್ತದೆ, ಯಾವ ಕಾನ್ಫಿಗ್ (ಸೆಟ್ಟಿಂಗ್) ಕಡತ ಬದಲಾಗುತ್ತದೆ ಎಂದು ಬರೆದಿಟ್ಟುಕೊಂಡೆ. ಆಮೇಲೆ ಒಂದು ಭಾನುವಾರ, ಬ್ಯಾಕಪ್ ತೆಗೆದು, ಅದೇ ಟಿಪ್ಪಣಿ ನೋಡಿಕೊಂಡು ಸರ್ವರ್ ಮುಗಿಸಿದೆ. ಸೋಮವಾರ ಯಾರೂ ಫೋನ್ ಮಾಡಲಿಲ್ಲ.

ಹಾಕಬೇಕು ಅಂದುಕೊಂಡವರು ಮೊದಲು ಪೆನ್‌ಡ್ರೈವ್‌ನಿಂದ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲೈವ್ ಆವೃತ್ತಿ ನಡೆಸಿ ನೋಡಿ. ವೈಫೈ, ಪ್ರಿಂಟರ್, ಟೋಕನ್ ಮೂರನ್ನೂ ಪರೀಕ್ಷಿಸಿ. ಅಲ್ಲಿಯವರೆಗೂ ಹಾರ್ಡ್‌ಡಿಸ್ಕ್ ಮುಟ್ಟಬೇಡಿ.